ಎಕರೆ ಮಾರುವ ಮೊದಲು ನಾಡಕಚೇರಿಗೆ ಹೋಗಿ ಬನ್ನಿ

ಪ್ರಶ್ನೆ: ನಮಸ್ಕಾರ ಸರ್. ಮೂಡಿಗೆರೆ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ, ಮರಗಳಿಗೆ ಸ್ವಲ್ಪ ಮೆಣಸು ಹಬ್ಬಿಸಿದ್ದೇವೆ. ದೊಡ್ಡ ಮಗಳು ಸೆಕೆಂಡ್ ಪಿಯುಸಿ, ಇಂಜಿನಿಯರಿಂಗ್ ಓದುತ್ತೇನೆ ಅನ್ನುತ್ತಾಳೆ. ನಾಲ್ಕು ವರ್ಷಕ್ಕೆ ಐದಾರು ಲಕ್ಷ ಬೇಕಾಗುತ್ತೆ ಅಂತ ಗೊತ್ತಿದ್ದವರು ಹೇಳಿದರು. ಒಂದು ಎಕರೆ ಮಾರಿಬಿಡು ಅಂತಾರೆ ಅಣ್ಣ. ಒಡವೆ ಅಡ ಇಡೋಣ ಅಂತಾಳೆ ಹೆಂಡತಿ. ಚಿಕ್ಕವಳಿಗೆ ಎಂಟು ವರ್ಷ. ಅವಳ ಓದಿಗೂ ಈಗಲೇ ಏನಾದರೂ ಮಾಡಬೇಕಾ?
– ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಉತ್ತರ: ಅಣ್ಣನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮಲೆನಾಡಿನ ಬ್ಯಾಂಕ್ ಶಾಖೆಗಳಲ್ಲಿ ಇದ್ದಾಗ ನಾನು ನೋಡಿದಂತೆ, ಮಾರಿದ ಎಕರೆಯನ್ನು ಮತ್ತೆ ಕೊಂಡವರು ಬಹಳ ಕಡಿಮೆ.

ಮೊದಲು ಕೊಡಬೇಕಾದ ದುಡ್ಡನ್ನೇ ಕಡಿಮೆ ಮಾಡಿಕೊಳ್ಳಿ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ, ಕಾಲೇಜಿನ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಇಡುವ ಶೇ 5ರಷ್ಟು ಸೀಟುಗಳಿಗೆ ಬೋಧನಾ ಶುಲ್ಕವೇ ಇಲ್ಲ. ಉಳಿದ ಸಣ್ಣಪುಟ್ಟ ಫೀಸು ಮಾತ್ರ ಕಟ್ಟಬೇಕು. ಸೀಟು ಸಿಗುವುದು ರ‍್ಯಾಂಕಿನ ಮೇಲೆ. ಆದರೆ ಅರ್ಜಿ ತುಂಬುವಾಗಲೇ ಇದನ್ನು ಕೇಳಬೇಕು, ಅದಕ್ಕೆ ಆದಾಯ ಪ್ರಮಾಣ ಪತ್ರ ಬೇಕು. ಆಮೇಲೆ ನೋಡೋಣ ಅಂತ ಬಿಟ್ಟು ಕೈಕೈ ಹಿಸುಕಿಕೊಂಡವರು ಜಾಸ್ತಿ. ನಾಡಕಚೇರಿಗೆ ಈ ವಾರವೇ ಹೋಗಿ.

ಎಐಸಿಟಿಇ, ಅಂದರೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಕೊಡುವ ಪ್ರಗತಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆಂದೇ ಇರುವುದು. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ, ಆದಾಯದ ಮಿತಿ ಇಲ್ಲೂ 8 ಲಕ್ಷ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಗುತ್ತದೆ. ಅಂದರೆ ಮುಂದೆ ಚಿಕ್ಕವಳೂ ಕೇಳಬಹುದು.

ಚಿಕ್ಕಮಗಳೂರಿನಲ್ಲೇ ಸೀಟು ಸಿಕ್ಕರೆ ಹಾಸ್ಟೆಲ್ ಬೇಕೇ ಅಂತಲೂ ಯೋಚಿಸಿ. ಮೂಡಿಗೆರೆಯಿಂದ ಸುಮಾರು 30 ಕಿಲೋಮೀಟರ್. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಅವಳಿಗೆ ಉಚಿತ. ಮಳೆಗಾಲದಲ್ಲಿ ಈ ಓಡಾಟ ಸುಲಭವಲ್ಲ, ಒಪ್ಪುತ್ತೇನೆ. ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನೂ ಆಯ್ಕೆ ಪಟ್ಟಿಯಲ್ಲಿ ಹಾಕಿ. ಖಾಸಗಿ ಕಾಲೇಜಿಗಿಂತ ಅಲ್ಲಿ ಫೀಸು ತುಂಬಾ ಕಡಿಮೆ. ಸಿಇಟಿಯಲ್ಲಿ ಬಾರದ ಸೀಟನ್ನು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೊಳ್ಳಲು ಮಾತ್ರ ತೋಟಕ್ಕೆ ಕೈ ಹಾಕಬೇಡಿ.

ಇನ್ನು ಸಾಲ. 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸರ್ಕಾರದ ಗ್ಯಾರಂಟಿ ನಿಧಿ ಇದೆ, ಆಸ್ತಿ ಅಡ ಇಡಬೇಕಾಗಿಲ್ಲ. ಬ್ಯಾಂಕಿನವರು ತೋಟದ ಪತ್ರ ಕೇಳಿದರೆ ಯಾವ ನಿಯಮದ ಪ್ರಕಾರ ಅಂತ ಮೆತ್ತಗೆ ಕೇಳಿ. ಫೀಸಿನ ಜೊತೆ ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಕೂಡ ಇದರಲ್ಲಿ ಬರುತ್ತವೆ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ.

ಬಡ್ಡಿ ಮಾತ್ರ ದುಡ್ಡು ಕೊಟ್ಟ ದಿನದಿಂದಲೇ ಓಡುತ್ತದೆ. ಜನ ಮರೆಯುವುದು ಇದನ್ನೇ. ವರ್ಷಕ್ಕೆ 1.25 ಲಕ್ಷದಂತೆ ನಾಲ್ಕು ಸಲ, ಒಟ್ಟು 5 ಲಕ್ಷ ತೆಗೆದಿರಿ, ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ. ಐದು ವರ್ಷ ಸುಮ್ನೆ ಬಿಟ್ಟರೆ ಸರಳ ಬಡ್ಡಿಯೇ 1.75 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವಾಗ ತಿಂಗಳ ಕಂತು 6,600ರ ಬದಲು ಸುಮಾರು 8,900 ಆಗುತ್ತದೆ. ಮೊದಲ ವರ್ಷದ ಬಡ್ಡಿ 12,500, ತಿಂಗಳಿಗೆ ಸಾವಿರ ಚಿಲ್ಲರೆ. ಅದನ್ನು ಆಗಾಗಲೇ ಕಟ್ಟುತ್ತಾ ಹೋಗಿ. ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ (ಎರಡೂ ಗುಣಮಟ್ಟ ನೋಡಿ ಕೊಡುವಂಥವು) ಇದ್ದರೆ, ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆಯೂ ಇದೆ. ಅದಕ್ಕೂ ಅದೇ ಆದಾಯ ಪತ್ರ ಬೇಕು, ನೋಡಿ. ವಿದ್ಯಾರ್ಥಿವೇತನ ಮತ್ತು ಬಡ್ಡಿ ಸಹಾಯ ಎರಡೂ ಒಟ್ಟಿಗೆ ನಡೆಯುತ್ತವಾ ಅಂತ ಸಾಲಕ್ಕೆ ಸಹಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಒಡವೆ ವಿಷಯದಲ್ಲಿ ನಿಮ್ಮ ಮನೆಯವರ ಮಾತು ಅರ್ಧ ಸರಿ. ಕಾಫಿ ದುಡ್ಡು ಕೈಗೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಕಾಲೇಜಿನವರು ಫೀಸು ಕೇಳುವುದು ಜಡಿಮಳೆಯಲ್ಲಿ. ಆಗ ವ್ಯಾಪಾರಿ ಹತ್ತಿರ ಮುಂಗಡ ತಗೊಂಡು, ಕೊಯ್ಲಿನಲ್ಲಿ ಅವನು ಹೇಳಿದ ರೇಟಿಗೆ ತಲೆಯಾಡಿಸುವುದಕ್ಕಿಂತ, ಬ್ಯಾಂಕಿನಲ್ಲಿ ಒಡವೆ ಇಟ್ಟು ಆರು ತಿಂಗಳಲ್ಲಿ ಬಿಡಿಸಿಕೊಳ್ಳುವುದು ವಾಸಿ. ನಾಲ್ಕು ವರ್ಷದ ಓದಿಗೆಲ್ಲ ಚಿನ್ನದ ಸಾಲ ಬೇಡ. ಅದಕ್ಕೂ ಮೊದಲು ಮೆಣಸು ನೆನಪಿರಲಿ. ಚೆನ್ನಾಗಿ ಒಣಗಿಸಿದ ಮೆಣಸು ಮಳೆಗಾಲದವರೆಗೆ ಕೆಡುವುದಿಲ್ಲ. ಎರಡು ಮೂಟೆ ಫೀಸಿಗೆ ಅಂತಲೇ ಕಟ್ಟಿಡಿ.

ಚಿಕ್ಕವಳಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, ಹತ್ತು ತುಂಬುವುದರೊಳಗೆ. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ ರೂಪಾಯಿ. ಬಡ್ಡಿ ಚೆನ್ನಾಗಿದೆ, ಆದರೆ ಎಲ್ಲವನ್ನೂ ಅಲ್ಲೇ ಹಾಕಬೇಡಿ. ಅವಳ ಓದಿಗೆ ತೆಗೆಯಲು ಬಿಡುವುದು ಖಾತೆಯಲ್ಲಿರುವ ಹಣದ ಅರ್ಧ ಮಾತ್ರ. ಖಾತೆ ಮುಗಿಯುವುದು ತೆರೆದ 21 ವರ್ಷಕ್ಕೆ, ಆಗ ಅವಳಿಗೆ 29. ಹಾಗಾಗಿ ಕೊಯ್ಲಿನ ದುಡ್ಡು ಬಂದಾಗ ಅರ್ಧ ಅಲ್ಲಿ ಹಾಕಿ, ಇನ್ನರ್ಧಕ್ಕೆ ಅಂಚೆ ಕಚೇರಿಯ ಐದು ವರ್ಷದ ಠೇವಣಿ ಮಾಡಿ, ಮುಗಿದಾಗ ಮತ್ತೆ ಐದು ವರ್ಷಕ್ಕೆ ಇಡಿ. ಸರಿಯಾಗಿ ಅವಳು ಪಿಯುಸಿ ಮುಗಿಸುವ ಹೊತ್ತಿಗೆ ಕೈಗೆ ಬರುತ್ತದೆ.