ಒಕಿನಾವಾದ ರ್ಯುಕ್ಯು ಅರಸರ ತಾಣಗಳನ್ನು ಗೈಡ್ ಜೊತೆ ನಡೆದು ನೋಡಬೇಕೇ, ಫೋನ್ ಒಂದಿದ್ದರೆ ಸಾಕೇ?

ದೀಪಾವಳಿ ರಜೆಯಲ್ಲಿ ತಂದೆತಾಯಿಯನ್ನು ಕರೆದುಕೊಂಡು ಮೂರು ದಿನಕ್ಕೆ ಜಪಾನಿನ ದಕ್ಷಿಣದ ದ್ವೀಪವಾದ ಒಕಿನಾವಾಕ್ಕೆ ಹೋಗುತ್ತಿದ್ದೀರಿ. ಆ ಅರಸರ ಅರಮನೆಯಿದ್ದ ಶುರಿ ಕೋಟೆ ಹೇಗೂ ಸುಟ್ಟುಹೋಗಿರುವುದರಿಂದ ಗೈಡ್‌ಗೆ ಹಣ ಕೊಟ್ಟು ನಡೆಯುವುದು ದಂಡವಲ್ಲವೇ, ಯುನೆಸ್ಕೊ ಪಟ್ಟಿಯಲ್ಲಿರುವ ಒಂಬತ್ತು ತಾಣಗಳಲ್ಲಿ ನೋಡಲೇಬೇಕಾದದ್ದು ಯಾವುದು ಎಂದು ಕೇಳಿದ್ದೀರಿ. ದೀಪಾವಳಿ, ತಾಯಿ, ಮೂರು ದಿನ: 2018ರ ನವೆಂಬರಿನಲ್ಲಿ ನನ್ನ ಪ್ರಯಾಣವೂ ಅಕ್ಷರಶಃ ಇದೇ ಆಗಿತ್ತು.

ಆಗ ನಾನು ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದೆ. ಅಮ್ಮ ಹಬ್ಬಕ್ಕೆಂದು ಸಾಗರದಿಂದ ಬಂದಿದ್ದರು. ಅವರಿಗೆ ಕೋಟೆ, ಅರಮನೆಗಳ ಮೇಲೆ ವಿಶೇಷ ಆಸಕ್ತಿಯೇನೂ ಇರಲಿಲ್ಲ. ಆದರೆ ಒಕಿನಾವಾ ಒಂದು ಕಾಲದಲ್ಲಿ ಬೇರೆಯೇ ರಾಜ್ಯವಾಗಿತ್ತು, 1429ರಿಂದ 1879ರವರೆಗೆ ಅಲ್ಲಿ ರ್ಯುಕ್ಯು ಅರಸರು ಆಳಿದರು, ಆ ರಾಜ್ಯದಲ್ಲಿ ಪೂಜೆಯ ಅಧಿಕಾರವೆಲ್ಲ ಹೆಂಗಸರ ಕೈಯಲ್ಲಿತ್ತು, ಅತ್ಯಂತ ಪವಿತ್ರವಾದ ವನಕ್ಕೆ ಗಂಡಸರಿಗೆ ಪ್ರವೇಶವೇ ಇರಲಿಲ್ಲ ಎಂದು ನಾನು ಒಂದು ರಾತ್ರಿ ಊಟದ ಹೊತ್ತಿಗೆ ಹೇಳಿದಾಗ ಅವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು. "ಹಾಗಾದರೆ ಆ ಕಾಡನ್ನೊಂದು ತೋರಿಸು" ಎಂದರು. ಆ ಕಾಡಿನ ಹೆಸರು ಸೇಫಾ ಉತಾಕಿ. ನಮ್ಮ ಇಡೀ ಪ್ರಯಾಣ ಹೊರಟದ್ದು ಅದೊಂದಕ್ಕಾಗಿ.

ನವೆಂಬರ್ 6ರಂದು ನಾಹಾ ನಗರ ತಲುಪಿದೆವು. ಹೋಟೆಲಿನಲ್ಲಿ ಕೀಲಿ ಕೊಟ್ಟ ಹೆಂಗಸು, ಮರುದಿನ ಬೆಳಿಗ್ಗೆ ಶುರಿಯಲ್ಲಿ ಸ್ಥಳೀಯರೇ ನಡೆಸುವ ಮೂರು ಗಂಟೆಯ ಕಾಲ್ನಡಿಗೆಯ ಪ್ರವಾಸವಿದೆ ಎಂದು ಒಂದು ಕರಪತ್ರವನ್ನು ಮುಂದಿಟ್ಟರು. ನಾನು ಅದನ್ನು ವಾಪಸ್ ಕೊಟ್ಟೆ. ಜಪಾನಿನಲ್ಲಿ ಎರಡು ವರ್ಷ ಕಳೆದಿದ್ದೆ, ಫಲಕಗಳನ್ನು ತಕ್ಕಮಟ್ಟಿಗೆ ಓದಬಲ್ಲೆ, ಇಷ್ಟರ ಮೇಲೆ ಯಾರದೋ ಹಿಂದೆ ಗುಂಪಿನಲ್ಲಿ ನಡೆಯುವುದು ಯಾಕೆ ಎನ್ನುವುದು ನನ್ನ ಲೆಕ್ಕ.

ಹಾಗಾಗಿ 7ರಂದು ನಾವಿಬ್ಬರೇ ಮೊನೊರೈಲಿನಲ್ಲಿ ಶುರಿ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಕಾಲು ಗಂಟೆ ನಡೆದು ಕೋಟೆ ಸೇರಿದೆವು. ಶುರೇಯಿಮೊನ್ ಎಂಬ ಕೆಂಪು ಮಹಾದ್ವಾರವನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಎಡಗಡೆಗೆ ಒಂದು ಚಿಕ್ಕ ಕಲ್ಲಿನ ಬಾಗಿಲು, ಅದರ ಹಿಂದೆ ಬರೀ ಮರಗಳು. ಅಮ್ಮ ಅಲ್ಲಿ ನಿಂತು, "ಇದೇನು, ಗುಡಿಯಾ?" ಎಂದು ಕೇಳಿದರು. "ಬರೀ ಬಾಗಿಲು ಅಮ್ಮ, ಒಳಗೇನೂ ಇಲ್ಲ" ಎಂದು ಹೇಳಿ ಮುಂದೆ ನಡೆದೆ. ಅರಮನೆಯ ಮುಖ್ಯ ಕಟ್ಟಡವಾದ ಸೇಯ್‌ದೆನ್‌ನ ಮುಂದೆ ಅವರನ್ನು ನಿಲ್ಲಿಸಿ ಫೋಟೊ ತೆಗೆದೆ. ಅರಸರ ಸಮಾಧಿ ಹತ್ತಿರದಲ್ಲೇ ಇದ್ದರೂ ಹಬ್ಬದ ದಿನ ಸಮಾಧಿ ನೋಡುವುದು ಬೇಡವೆಂದು ಬಿಟ್ಟೆ.

ಮರುದಿನ, ಅಂದರೆ ಬಲಿಪಾಡ್ಯಮಿಯ ದಿನ, ಸುಮಾರು ಒಂದು ಗಂಟೆ ಬಸ್ಸಿನಲ್ಲಿ ಕುಳಿತು ದ್ವೀಪದ ಆಗ್ನೇಯ ತುದಿಯ ನಾಂಜೊಗೆ ಹೋದೆವು. ಸೇಫಾ ಉತಾಕಿ ಮುಚ್ಚಿತ್ತು. ಆ ದಿನ ಮಾತ್ರವಲ್ಲ, 8, 9, 10, ಮೂರು ದಿನವೂ. ನಮ್ಮ ವಿಮಾನ ಇದ್ದದ್ದು 9ರ ಸಂಜೆ.

ಇದು ಹೇಗಾಯಿತು ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನೀವೂ ಇದೇ ತಪ್ಪು ಮಾಡುವ ಸಾಧ್ಯತೆ ಬಹಳವಿದೆ. ನಾನು ಮಾಹಿತಿ ನೋಡದೆ ಹೋಗಿರಲಿಲ್ಲ. ಪ್ರಯಾಣಕ್ಕೆ ಎರಡು ವಾರ ಮೊದಲೇ ಆ ತಾಣದ ರಜಾದಿನಗಳನ್ನು ಜಪಾನಿ ಭಾಷೆಯಲ್ಲೇ ಓದಿದ್ದೆ. ಐದನೆಯ ತಿಂಗಳ 1ರಿಂದ 3 ಮತ್ತು ಹತ್ತನೆಯ ತಿಂಗಳ 1ರಿಂದ 3ರವರೆಗೆ ಪ್ರವೇಶವಿಲ್ಲ ಎಂದಿತ್ತು. ಅಂಕಿಗಳು ಗೊತ್ತಿದ್ದವು, ತಿಂಗಳು ಎಂಬ ಅಕ್ಷರ ಗೊತ್ತಿತ್ತು. ಮೇ ಮತ್ತು ಅಕ್ಟೋಬರ್ ಎಂದು ಅರ್ಥ ಮಾಡಿಕೊಂಡು, ನಾವು ಹೋಗುವುದು ನವೆಂಬರಿನಲ್ಲಲ್ಲವೇ ಎಂದು ಪುಟ ಮುಚ್ಚಿದೆ. ಆ ಅಂಕಿಗಳ ಹಿಂದೆ ಇನ್ನೆರಡು ಅಕ್ಷರಗಳಿದ್ದವು. ಕಣ್ಣಿಗೆ ಬಿದ್ದಿದ್ದವು, ಅರ್ಥ ಗೊತ್ತಿರಲಿಲ್ಲ, ಮುಖ್ಯವಾದದ್ದಿರಲಾರದು ಎಂದು ಬಿಟ್ಟೆ. ಅವು 'ಕ್ಯೂರೆಕಿ', ಅಂದರೆ ಹಳೆಯ ಪಂಚಾಂಗ, ಚಾಂದ್ರಮಾನ. ಹಳೆಯ ಲೆಕ್ಕದ ಹತ್ತನೆಯ ತಿಂಗಳು ಅಮಾವಾಸ್ಯೆಯೊಂದಿಗೆ ಹುಟ್ಟುತ್ತದೆ, ಆ ಅಮಾವಾಸ್ಯೆ ಅನೇಕ ವರ್ಷಗಳಲ್ಲಿ ನಮ್ಮ ದೀಪಾವಳಿಯ ಅಮಾವಾಸ್ಯೆಯೇ ಆಗಿರುತ್ತದೆ. ಅಲ್ಲಿನ ಹತ್ತನೆಯ ತಿಂಗಳ ಮೊದಲ ಮೂರು ದಿನವೆಂದರೆ ನಮ್ಮ ಕಾರ್ತಿಕದ ಮೊದಲ ಮೂರು ದಿನ. ದೇವರು ವಿಶ್ರಾಂತಿ ಪಡೆಯಲೆಂದು, ಕಾಡು ಕೂಡ ಚೇತರಿಸಿಕೊಳ್ಳಲೆಂದು ಅವರು ಆ ದಿನಗಳಲ್ಲಿ ಯಾರನ್ನೂ ಬಿಡುವುದಿಲ್ಲ. ನನ್ನನ್ನು ಹೆಚ್ಚು ಬಾಧಿಸುವುದು ಇನ್ನೊಂದು ಸಂಗತಿ. ಅದೇ ಬೆಳಿಗ್ಗೆ ಬಸ್ಸಿನಲ್ಲಿ ಅಮ್ಮ, "ಇವತ್ತಿಂದ ಕಾರ್ತಿಕ ಶುರು, ಊರಲ್ಲಾಗಿದ್ದರೆ ಸಂಜೆ ದೀಪ ಹಚ್ಚುತ್ತಿದ್ದೆ" ಎಂದಿದ್ದರು. ಹೊಸ ಚಾಂದ್ರಮಾಸ ಅಂದೇ ಹುಟ್ಟುತ್ತಿದೆ ಎಂಬ ಮಾಹಿತಿ ನನ್ನ ಪಕ್ಕದ ಸೀಟಿನಲ್ಲೇ ಕುಳಿತಿತ್ತು. ಎರಡು ಅಕ್ಷರ ಓದಿದ್ದರೆ ಸಾಕಿತ್ತು. ಹಿಂದಿನ ದಿನ ಶುರಿಯಲ್ಲಿ ಆ ಊರಿನವರೊಬ್ಬರ ಜೊತೆ ಮೂರು ಗಂಟೆ ನಡೆದಿದ್ದರೂ ಸಾಕಿತ್ತು.

ಅಮ್ಮ ಏನೂ ಅನ್ನಲಿಲ್ಲ. ಮುಚ್ಚಿದ ದಾರಿಯ ಮುಂದೆ ಸ್ವಲ್ಪ ಹೊತ್ತು ನಿಂತು, "ಇನ್ನೊಂದು ಸಲ ಬರೋಣ ಬಿಡು" ಎಂದರು. ಆಮೇಲೆ ಅವರ ಮೊಣಕಾಲು ಹಾಳಾಯಿತು, ಈಗ ಮನೆಯ ಮೆಟ್ಟಿಲಿಳಿಯುವುದೂ ಕಷ್ಟ. 2019ರ ಅಕ್ಟೋಬರ್ 31ರ ನಸುಕಿನಲ್ಲಿ ಸೇಯ್‌ದೆನ್ ಹೊತ್ತಿ ಉರಿಯುವುದನ್ನು ಟಿವಿಯಲ್ಲಿ ನೋಡಿದೆ. ಅವರು ನಿಂತು ಫೋಟೊ ತೆಗೆಸಿಕೊಂಡ ಜಾಗ ಅದು.

2024ರ ಮಾರ್ಚಿನಲ್ಲಿ ಒಬ್ಬನೇ ಮತ್ತೆ ಹೋದೆ, ಮೊದಲ ದಿನವೇ ಗೈಡ್ ಜೊತೆ ನಡೆದೆ. ನಾವು ಐದು ಜನರಿದ್ದೆವು. ಗೈಡ್ ಶುರಿಯಲ್ಲೇ ಹುಟ್ಟಿ ಬೆಳೆದ, ಎಪ್ಪತ್ತು ದಾಟಿದ ಹೆಂಗಸು. ಹೊರಡುವ ಮೊದಲು ಒಬ್ಬೊಬ್ಬರನ್ನೂ, ನಾಳೆ ನಾಡಿದ್ದು ಎಲ್ಲೆಲ್ಲಿಗೆ ಹೋಗುತ್ತೀರಿ ಎಂದು ಕೇಳಿದರು. ಒಬ್ಬರು ಸೇಫಾ ಉತಾಕಿ ಎಂದ ಕೂಡಲೇ ಚೀಲದಿಂದ ಒಂದು ಸಣ್ಣ ಕ್ಯಾಲೆಂಡರ್ ತೆಗೆದು, ಹೊಸ ತಾರೀಖಿನ ಕೆಳಗೆ ಅಚ್ಚಾಗಿದ್ದ ಹಳೆಯ ತಾರೀಖನ್ನು ನೋಡಿ, ತೊಂದರೆಯಿಲ್ಲ ಎಂದು ತಲೆಯಾಡಿಸಿದರು. ಐದು ಸೆಕೆಂಡಿನ ಕೆಲಸ. ಐದು ವರ್ಷಗಳ ಹಿಂದೆ ನಾನು ಯಾವ ಕರಪತ್ರವನ್ನು ಹಿಂದಕ್ಕೆ ಕೊಟ್ಟಿದ್ದೆ ಎಂಬುದು ಆಗ ಗೊತ್ತಾಯಿತು.

ಈಗ ನಿಮ್ಮ ಪ್ರಶ್ನೆಯ ಮೊದಲ ಭಾಗ. ಕೋಟೆ ಸುಟ್ಟುಹೋಗಿದೆ, ಇನ್ನೇನಿದೆ ನೋಡಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಸುಟ್ಟದ್ದು 1992ರಲ್ಲಿ ಮತ್ತೆ ಕಟ್ಟಿದ ಕಟ್ಟಡ. ಅದಕ್ಕೂ ಮೊದಲು 1453, 1660, 1709ರಲ್ಲಿ ಅರಮನೆ ಬೆಂಕಿಗೆ ಬಿದ್ದಿತ್ತು. 1945ರ ಯುದ್ಧದಲ್ಲಿ ಜಪಾನಿ ಸೇನೆ ಕೋಟೆಯ ಅಡಿಯಲ್ಲೇ ಸುರಂಗ ಕೊರೆದು ತನ್ನ ಪ್ರಧಾನ ಠಾಣೆಯನ್ನು ಮಾಡಿಕೊಂಡಿದ್ದರಿಂದ ಅಮೆರಿಕದ ದಾಳಿಗೆ ಇಡೀ ಗುಡ್ಡವೇ ಪುಡಿಯಾಯಿತು. ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ಕೆಂಪು ಕಟ್ಟಡವನ್ನಲ್ಲ, ಅದರ ಕೆಳಗಿರುವ ಹಳೆಯ ಅಡಿಪಾಯದ ಅವಶೇಷಗಳನ್ನು. ಅವು ಈಗಲೂ ಇವೆ. 1523ರಲ್ಲಿ ಚೀನಾದಿಂದ ತಂದ ಕಲ್ಲಿನ ಡ್ರ್ಯಾಗನ್ ತಲೆಯ ಬಾಯಿಂದ ಬುಗ್ಗೆಯ ನೀರು ಬೀಳುವುದನ್ನೂ ನೋಡಬಹುದು. ನಾನು ಹೋದಾಗ ಸೇಯ್‌ದೆನ್ ದೊಡ್ಡ ಮಾಡಿನೊಳಗೆ ಮತ್ತೆ ಏಳುತ್ತಿತ್ತು, ಬಡಗಿಗಳ ಕೆಲಸವನ್ನು ಸಂದರ್ಶಕರು ಕಿಟಕಿಯಿಂದ ನೋಡುವಂತೆ ಏರ್ಪಾಟು ಮಾಡಿದ್ದರು; 2026ರ ಶರತ್ಕಾಲಕ್ಕೆ ಅದನ್ನು ಮುಗಿಸುವ ಗುರಿ ಇಟ್ಟುಕೊಂಡಿದ್ದಾರೆ.

ನಾನು ಹಿಂದೆ "ಬರೀ ಬಾಗಿಲು" ಎಂದು ಹೇಳಿ ದಾಟಿದ್ದು ಸೊನೊಹ್ಯಾನ್ ಉತಾಕಿಯ ಕಲ್ಲಿನ ಬಾಗಿಲು. ಗೈಡ್ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿದ್ದು ಅಲ್ಲೇ. ಶೋ ಶಿನ್ ಎಂಬ ಅರಸ 1519ರಲ್ಲಿ ಅದನ್ನು ಕಟ್ಟಿಸಿದ. ಅರಸನು ಕೋಟೆಯಿಂದ ಪ್ರಯಾಣ ಹೊರಡುವಾಗಲೆಲ್ಲ ಅಲ್ಲಿ ನಿಂತು ಸುಖಪ್ರಯಾಣಕ್ಕೆ ಬೇಡಿಕೊಳ್ಳುತ್ತಿದ್ದ. ಅದು ಒಳಗೆ ಹೋಗಲು ಮಾಡಿದ ಬಾಗಿಲೇ ಅಲ್ಲ. ಹಿಂದಿನ ಮರಗಳೇ ದೇವರ ಜಾಗ, ಬಾಗಿಲು ಅದರ ಮುಂದೆ ಕೈ ಮುಗಿಯಲು ಇರುವ ಗುರುತು. ಉತಾಕಿ ಎಂದರೆ ಇಂಥ ಪವಿತ್ರ ಸ್ಥಳ, ಗರ್ಭಗುಡಿಯಿಲ್ಲ, ವಿಗ್ರಹವಿಲ್ಲ. ದೇವರಕಾಡು, ನಾಗಬನಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮನಿಗಂತೂ ಅರ್ಧ ವಾಕ್ಯ ಸಾಕಾಗುತ್ತಿತ್ತು. ಆ ಬಾಗಿಲನ್ನೂ ಯುದ್ಧ ಕೆಡವಿತ್ತು, 1957ರಲ್ಲಿ ಮತ್ತೆ ನಿಲ್ಲಿಸಿದರು. ನಾವು ಅಲ್ಲಿದ್ದಷ್ಟು ಹೊತ್ತಿನಲ್ಲಿ ಎಷ್ಟೋ ಮಂದಿ ಅದನ್ನು ನೋಡದೆ ಕೋಟೆಯ ಕಡೆಗೆ ನಡೆದರು, ನಾನು 2018ರಲ್ಲಿ ನಡೆದ ಹಾಗೆಯೇ.

ಸಮಾಧಿಯನ್ನೂ ಬಿಡಬೇಡಿ. ತಮಾಉದುನ್ ಎಂದು ಅದರ ಹೆಸರು, ಅದೇ ಶೋ ಶಿನ್ 1501ರಲ್ಲಿ ತನ್ನ ತಂದೆ ಶೋ ಎನ್‌ಗಾಗಿ ಕಟ್ಟಿಸಿದ್ದು. ಅಂಗಳದ ತುಂಬ ಹವಳದ ಬಿಳಿ ಚೂರುಗಳನ್ನು ಹರಡಿದ್ದಾರೆ, ಅದರ ಎದುರಿಗೆ ಕಲ್ಲಿನ ಮೂರು ಕೋಣೆಗಳು. ದೇಹವನ್ನು ಮೊದಲು ನಡುವಿನ ಕೋಣೆಯಲ್ಲಿಟ್ಟು, ವರ್ಷಗಳು ಕಳೆದ ಮೇಲೆ ಮೂಳೆಗಳನ್ನು ತೊಳೆದು, ಅರಸ ಮತ್ತು ರಾಣಿಯದಾದರೆ ಪೂರ್ವದ ಕೋಣೆಗೆ, ಮನೆತನದ ಉಳಿದವರದಾದರೆ ಪಶ್ಚಿಮದ ಕೋಣೆಗೆ ಸೇರಿಸುತ್ತಿದ್ದರು. ಯಾರ್ಯಾರಿಗೆ ಇಲ್ಲಿ ಜಾಗವಿದೆ ಎಂದು ಅಂಗಳದ ಶಾಸನದಲ್ಲಿ ಕೆತ್ತಿಸಿದ್ದಾರೆ. ಗೈಡ್ ಆ ಹೆಸರುಗಳನ್ನು ಒಂದೊಂದಾಗಿ ಹೇಳಿ, ಕೊನೆಗೆ, ಇದರಲ್ಲಿ ಯಾರ ಹೆಸರಿಲ್ಲ ಗೊತ್ತೇ ಎಂದು ಕೇಳಿದರು. ಶೋ ಶಿನ್‌ನ ಹಿರಿಯ ಮಗನ ಹೆಸರೇ ಇಲ್ಲ. ಒಂದು ಅರಮನೆಯೊಳಗಿನ ಜಗಳವನ್ನು ಐನೂರು ವರ್ಷಗಳ ನಂತರ ಕಲ್ಲಿನ ಮೇಲಿನ ಖಾಲಿ ಜಾಗದಿಂದ ತೋರಿಸಿಕೊಟ್ಟರು. ಫೋನ್ ನಿಮಗೆ ಇರುವ ಹೆಸರುಗಳನ್ನು ಅನುವಾದಿಸಿ ಕೊಡಬಹುದು. ಇಲ್ಲದ ಹೆಸರನ್ನು ಕೇಳು ಎಂದು ಅದು ಹೇಳುವುದಿಲ್ಲ.

ಅರಮನೆಯ ಅಂಗಳದಲ್ಲಿ ಅವರು ಹೇಳಿದ ಇನ್ನೊಂದು ವಿಷಯವನ್ನು ಬರೆಯದಿರಲಾರೆ. ಸೇಯ್‌ದೆನ್ ಪಶ್ಚಿಮಕ್ಕೆ ಮುಖ ಮಾಡಿದೆ, ಅದರ ಎರಡು ಪಕ್ಕಗಳಲ್ಲಿ ಎದುರುಬದುರಾಗಿ ಉತ್ತರ ಮತ್ತು ದಕ್ಷಿಣದ ಸಭಾಂಗಣಗಳಿದ್ದವು. ಚೀನಾದ ರಾಯಭಾರಿಗಳನ್ನು ಉತ್ತರದಲ್ಲಿ ಸತ್ಕರಿಸುತ್ತಿದ್ದರು, 1609ರಲ್ಲಿ ದ್ವೀಪವನ್ನು ಗೆದ್ದ ಸತ್ಸುಮಾ ಎಂಬ ಜಪಾನಿ ಸಂಸ್ಥಾನದ ಅಧಿಕಾರಿಗಳನ್ನು ದಕ್ಷಿಣದಲ್ಲಿ. ಇಬ್ಬರು ಬಲಿಷ್ಠರ ನಡುವೆ ಒಂದು ಚಿಕ್ಕ ರಾಜ್ಯ ಇನ್ನೂರೈವತ್ತು ವರ್ಷ ಉಸಿರಾಡಿದ ರೀತಿಯೇ ಆ ಅಂಗಳದ ನಕ್ಷೆ.

ಒಂಬತ್ತರಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ. ನಾಕಿಜಿನ್, ಜಾಕಿಮಿ, ಕಾತ್ಸುರೆನ್, ನಾಕಾಗುಸುಕು ಕೋಟೆಗಳು ಚೆನ್ನಾಗಿವೆ, ಆದರೆ ಮೂರು ದಿನದಲ್ಲಿ ವಯಸ್ಸಾದವರನ್ನು ಕರೆದುಕೊಂಡು ಅವುಗಳ ಹಿಂದೆ ಓಡಬಾರದು. ಒಂದು ದಿನ ಶುರಿ, ಒಂದು ದಿನ ಸೇಫಾ ಉತಾಕಿ, ಮಿಕ್ಕ ದಿನ ವಿಶ್ರಾಂತಿ. ಶುರಿಯ ನಡಿಗೆ ಕಿಂಜೊ ಬೀದಿಯ ಕಲ್ಲುಹಾಸಿನಲ್ಲಿ ಮುಗಿಯುವುದಾದರೆ ಇಳಿಯುವ ದಿಕ್ಕಿನಲ್ಲೇ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ಹದಿನಾರನೆಯ ಶತಮಾನದ ಆ ರಾಜಮಾರ್ಗದಲ್ಲಿ ಈಗ ಉಳಿದಿರುವುದು ಸುಮಾರು 300 ಮೀಟರ್. ಅದು ಕಡಿದಾಗಿದೆ, ಮಳೆ ಬಿದ್ದರೆ ಸುಣ್ಣಕಲ್ಲು ಜಾರುತ್ತದೆ, ಚಪ್ಪಲಿ ಬೇಡ. ಆಚೆಗಿರುವ ಶಿಕಿನಾಯೆನ್ ಉದ್ಯಾನ ಬುಧವಾರ ಮುಚ್ಚಿರುತ್ತದೆ.

ಗೈಡ್ ಬೇಕೋ ಬೇಡವೋ ಎಂಬುದಕ್ಕಿಂತ ಯಾವ ದಿನ ಎಂಬುದು ಮುಖ್ಯ. ಮೊದಲ ದಿನವೇ ಆಗಬೇಕು. ಉಳಿದ ಎರಡು ದಿನಗಳ ಯೋಜನೆಯನ್ನು ಅವರ ಮುಂದಿಟ್ಟು ಕೇಳಬೇಕು. ಸೇಫಾ ಉತಾಕಿಯ ದಿನಾಂಕವನ್ನು ಮಾತ್ರ ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ. ದೀಪಾವಳಿಯೊಂದಿಗೆ ಅದು ಪ್ರತಿ ವರ್ಷವೂ ಸೇರುವುದಿಲ್ಲ, ಏಕೆಂದರೆ ಅವರ ಅಧಿಕಮಾಸವೂ ನಮ್ಮದೂ ಬೇರೆ ಬೇರೆ ವರ್ಷ ಬಂದರೆ ಒಂದು ತಿಂಗಳು ಸರಿಯುತ್ತದೆ. 2018ರಂತೆ 2026ರಲ್ಲೂ ಸೇರುತ್ತದೆ: ಹತ್ತನೆಯ ಚಾಂದ್ರಮಾಸದ ಮೊದಲ ಮೂರು ದಿನ ಆ ವರ್ಷ ನವೆಂಬರ್ 9, 10, 11ಕ್ಕೆ ಬೀಳುತ್ತವೆ.

ನಾನು ಎರಡನೆಯ ಸಲ ಸೇಫಾ ಉತಾಕಿಯೊಳಗೆ ನಡೆದೆ. ರಾಜ್ಯದ ಪ್ರಧಾನ ಅರ್ಚಕಿಯಾದ ಕಿಕೊಯೆ ಓಗಿಮಿ ಪಟ್ಟಕ್ಕೇರುತ್ತಿದ್ದ ಜಾಗ ಅದು. ಆ ಸ್ಥಾನಕ್ಕೆ ಬರುತ್ತಿದ್ದವರು ರಾಜಮನೆತನದ ಹೆಂಗಸರು. ಒಂದಕ್ಕೊಂದು ಒರಗಿ ನಿಂತ ಎರಡು ಬೃಹತ್ ಬಂಡೆಗಳು, ನಡುವೆ ತ್ರಿಕೋನದ ಬೆಳಕು, ಪೂರ್ವದ ಸಮುದ್ರದಲ್ಲಿ ಕುದಾಕಾ ದ್ವೀಪ. ಅಮ್ಮ ನೋಡಬೇಕಾಗಿದ್ದ ಜಾಗದಲ್ಲಿ ನಾನೊಬ್ಬನೇ ನಿಂತಿದ್ದೆ. ಆ ರಾತ್ರಿ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಶುರಿಯ ಆ ಕಲ್ಲಿನ ಬಾಗಿಲು ನಿಜಕ್ಕೂ ದೇವರ ಜಾಗವಂತೆ ಎಂದೂ ಹೇಳಿದೆ. "ನಾನು ಅವತ್ತೇ ಕೈ ಮುಗಿದಿದ್ದೆನಲ್ಲೋ, ನೀನು ಮುಂದೆ ಹೋಗಿಬಿಟ್ಟಿದ್ದೆ" ಎಂದರು.

ನಿಮ್ಮ ಪ್ರಯಾಣದ ತಾರೀಖುಗಳನ್ನು ಇಲ್ಲಿ ಬರೆಯಿರಿ, ಹಳೆಯ ಪಂಚಾಂಗಕ್ಕೆ ಹಾಕಿ ನೋಡಿ ಹೇಳುತ್ತೇನೆ.