ತಲೆಗೆ ಇನ್ನೊಂದು ಏಟು ಬಿದ್ರೆ ನೆನಪು ಬರಲ್ಲ, ದುಡ್ಡು ಕಟ್ಟಿಸ್ಕೊಂಡ್ರೆ ಅದು ಟ್ರಯಲ್ ಅಲ್ಲ

ನೆನಪು ಕಳ್ಕೊಂಡ ಹೀರೋ, ಗುಟ್ಟಾಗಿ ಔಷಧಿ ಪ್ರಯೋಗ ಮಾಡೋ ಡಾಕ್ಟರ್, ಇಂಥ ಸಸ್ಪೆನ್ಸ್ ಥ್ರಿಲ್ಲರ್ ಒಂದು ಓಟಿಟಿಗೆ ಬಂತು ಅಂದ್ರೆ ಮುಂದಿನ ಎರಡು ವಾರ ಓಪಿಡಿಯಲ್ಲೂ ಇನ್‌ಬಾಕ್ಸಲ್ಲೂ ನಂಗೆ ಅದೇ ನಾಲ್ಕೈದು ಪ್ರಶ್ನೆ. ಈ ಸಲ ಎಲ್ಲಾ ಒಟ್ಟಿಗೆ ಉತ್ತರ ಕೊಡ್ತಿದೀನಿ. ಡಿಮೆನ್ಷಿಯಾ ಅಂದ್ರೇನು, ಅಲ್ಜೈಮರ್ ಅಂದ್ರೇನು ಅಂತ ಮೊದಲಿಂದ ಶುರು ಮಾಡಲ್ಲ, ಅದು ಎಲ್ಲಾ ಕಡೆ ಸಿಗುತ್ತೆ.

ಪ್ರಶ್ನೆ: ತಲೆಗೆ ಪೆಟ್ಟಾಗಿ ನೆನಪು ಹೋದವರಿಗೆ ಅದೇ ಜಾಗಕ್ಕೆ ಮತ್ತೆ ಪೆಟ್ಟಾದ್ರೆ ವಾಪಸ್ ಬರುತ್ತಾ?

ಇಲ್ಲ. ಪೆಟ್ಟಾದ ಮೆದುಳಿಗೆ ಇನ್ನೊಂದು ಪೆಟ್ಟು ಬಿದ್ರೆ ಇನ್ನೂ ಹಾಳಾಗುತ್ತೆ. ಹೆಲ್ಮೆಟ್ ಹಾಕಿ.

ಪ್ರಶ್ನೆ: ಸಿನಿಮಾದಲ್ಲಿ ಹೀರೋಗೆ ತನ್ನ ಹೆಸರು, ಹೆಂಡ್ತಿ ಮುಖ, ಮನೆ ಯಾವ್ದೂ ನೆನಪಿಲ್ಲ, ಆದ್ರೆ ಇವತ್ತು ನಡೆದಿದ್ದೆಲ್ಲ ಚೆನ್ನಾಗಿ ನೆನಪಿಟ್ಕೋತಾನೆ. ಹಂಗಾಗುತ್ತಾ?

ನಾವು ದಿನಾ ನೋಡೋ ಮರೆವು ಇದಕ್ಕೆ ಪೂರ್ತಿ ಉಲ್ಟಾ. ಕಂಡಕ್ಟರ್ ಆಗಿ ರಿಟೈರ್ ಆದ ಒಬ್ರು ಹಿರಿಯರು ಬಂದಿದ್ರು, ಮೂರು ಪದ ಹೇಳಿದೆ, ತಾವರೆ, ಬೆಲ್ಲ, ಕೊಡೆ, ಅವರೂ ಸರಿಯಾಗಿ ತಿರುಗಿ ಹೇಳಿದ್ರು. ಐದು ನಿಮಿಷ ಬಿಟ್ಟು ಕೇಳಿದ್ರೆ ‘ನೀವು ನಂಗೆ ಯಾವ ಪದನೂ ಹೇಳೇ ಇಲ್ವಲ್ಲ ಡಾಕ್ಟ್ರೇ’ ಅಂದ್ರು. ಸುಳ್ಳಲ್ಲ, ಅವರ ಪಾಲಿಗೆ ಅದು ನಡೆದೇ ಇಲ್ಲ. ಅದೇ ಮನುಷ್ಯ ಹಾಸನ ಬಿಟ್ರೆ ಆಲೂರು, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಾಲು, ಮಾರನಹಳ್ಳಿ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ ಅಂತ ಬಿ.ಸಿ.ರೋಡ್ ತನಕ ಒಂದು ಸ್ಟಾಪ್ ತಪ್ಪದೆ ಹೇಳಿದ್ರು, ಬೆರಳಲ್ಲಿ ಟಿಕೆಟ್ ಹರಿಯೋ ಥರ ಮಾಡ್ಕೊಂಡು. ಹಳೇದು ಗಟ್ಟಿ, ಹೊಸದು ಅಂಟಲ್ಲ, ಮರೆವಿನ ಕಾಯಿಲೆ ಶುರುವಾಗೋದು ಹೀಗೆ. ತನ್ನ ಹೆಸರೇ ಮರೆತು ಮಿಕ್ಕಿದ್ದೆಲ್ಲ ಸರಿ ಇರೋದು ತುಂಬಾ ಅಪರೂಪ, ಅದು ಹೆಚ್ಚಾಗಿ ಮನಸ್ಸಿಗೆ ಬಿದ್ದ ಭಾರೀ ಆಘಾತದಿಂದ ಬರೋದು, ಅದನ್ನ ಸೈಕಿಯಾಟ್ರಿಸ್ಟ್ ನೋಡ್ಬೇಕು.

ಪ್ರಶ್ನೆ: ಒಂದು ಥ್ರಿಲ್ಲರ್‌ನಲ್ಲಿ ಡಾಕ್ಟರ್ ಹೇಳದೆ ಕೇಳದೆ ಪೇಷಂಟ್‌ಗಳ ಮೇಲೆ ಹೊಸ ಔಷಧಿ ಪ್ರಯೋಗ ಮಾಡಿ ಅವರ ನೆನಪೇ ಅಳಿಸಿಬಿಡ್ತಾನೆ. ನಿಜವಾಗ್ಲೂ ಹಂಗೆ ನಡೆದಿದ್ಯಾ? ಯಾಕೆ ಕೇಳ್ತಿದೀನಿ ಅಂದ್ರೆ ನಮ್ಮಪ್ಪಂಗೆ 71, ಒಂದು ವರ್ಷದಿಂದ ಮರೆವು. ಒಂದು ದೊಡ್ಡ ಆಸ್ಪತ್ರೆಯವ್ರು ಹೊಸ ಔಷಧಿಯ ಟ್ರಯಲ್ ಇದೆ, ಖರ್ಚಿಲ್ಲ, ಸೇರಿಸ್ತೀರಾ ಅಂದ್ರು, ನಮಗೆ ಭಯ ಆಗಿ ಬೇಡ ಅಂದ್ವಿ. ಇನ್ನೊಂದು ಕ್ಲಿನಿಕ್‌ನವ್ರು ವಿದೇಶದಲ್ಲಿ ಟ್ರಯಲ್ ಆಗಿರೋ ಸ್ಟೆಮ್ ಸೆಲ್ ಇಂಜೆಕ್ಷನ್, ನಾಲ್ಕು ಲಕ್ಷ ಆಗುತ್ತೆ, ಮೂರು ತಿಂಗಳಲ್ಲಿ ನೆನಪು ಬರುತ್ತೆ ಅಂತಿದ್ದಾರೆ. ಸೈಟ್ ಮಾರೋಣ ಅಂತಿದೀವಿ.

ಸೈಟ್ ಮಾರ್ಬೇಡಿ. ಮಿಕ್ಕಿದ್ದು ಆಮೇಲೆ ಓದಿ, ಮೊದಲು ಇದು.

ಈ ಪತ್ರ ನಂಗೆ ಹೊಸದಲ್ಲ, ಊರು ಬೇರೆ, ಮೊತ್ತ ಬೇರೆ, ಅಷ್ಟೇ. ಪ್ರತಿ ಸಲ ಜನ ಭಯ ಬೀಳೋದು ಸರಿಯಾದ ಜಾಗ ನೋಡಿ, ನಂಬೋದು ತಪ್ಪು ಜಾಗನ. ಇದರಲ್ಲಿ ಸಿನಿಮಾದ ಪಾಲೂ ಇದೆ ಅಂತ ನಂಗನ್ಸುತ್ತೆ, ಯಾಕಂದ್ರೆ ಸಿನಿಮಾದಲ್ಲಿ ‘ಪ್ರಯೋಗ’ ಅಂದ ಕೂಡ್ಲೇ ನೆಲಮಾಳಿಗೆ, ನೀಲಿ ಲೈಟು, ಕಟ್ಟಿಹಾಕಿದ ಪೇಷಂಟು, ಅದೇ ‘ಟ್ರೀಟ್‌ಮೆಂಟ್’ ಅಂದ್ರೆ ಎಸಿ ರೂಮು, ಬಿಳಿ ಕೋಟು, ನಗುಮುಖ. ಮೋಸ ಮಾಡೋನು ಈ ಎರಡನೇ ರೂಮಲ್ಲೇ ಕೂತಿರ್ತಾನೆ.

ನಡೆದಿದ್ಯಾ ಅಂತ ಕೇಳಿದ್ರಲ್ಲ, ನಡೆದಿದೆ, ಎರಡು ಕಥೆ ಹೇಳ್ತೀನಿ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1953ರಲ್ಲಿ ಹೆನ್ರಿ ಮೊಲೇಸನ್ ಅನ್ನೋ 27 ವರ್ಷದ ಹುಡುಗಂಗೆ ಫಿಟ್ಸ್, ಯಾವ ಮಾತ್ರೆಗೂ ಬಗ್ಗಲಿಲ್ಲ, ಕೆಲಸ ಮಾಡೋ ಹಾಗಿರಲಿಲ್ಲ. ಸರ್ಜನ್ ವಿಲಿಯಂ ಸ್ಕೋವಿಲ್ ಮೆದುಳಿನ ಎರಡೂ ಬದಿಯಲ್ಲಿ ಹಿಪ್ಪೊಕ್ಯಾಂಪಸ್ (ಹೊಸ ನೆನಪು ಕೂಡಿಡೋ ಜಾಗ) ಇರೋ ಭಾಗ ತೆಗೆದ್ರು, ಇದು ಪ್ರಯೋಗನೇ ಅಂತ ಆಮೇಲೆ ಅವರೇ ಪೇಪರಲ್ಲಿ ಬರೆದಿದ್ದಾರೆ. ಫಿಟ್ಸ್ ತುಂಬಾ ಕಮ್ಮಿ ಆಯ್ತು, ಆದ್ರೆ ಅವತ್ತಿಂದ ಹೊಸ ನೆನಪು ಅಂತ ಉಳೀಲೇ ಇಲ್ಲ. 1955ರಲ್ಲಿ ಬ್ರೆಂಡಾ ಮಿಲ್ನರ್ ಅನ್ನೋ ಮನಃಶಾಸ್ತ್ರಜ್ಞೆ ಪರೀಕ್ಷೆ ಮಾಡೋಕೆ ಹೋದಾಗ ಇವತ್ತು ಯಾವ ತಿಂಗಳು ಅಂದ್ರೆ 1953ರ ಮಾರ್ಚ್, ನಿನ್ನ ವಯಸ್ಸೆಷ್ಟು ಅಂದ್ರೆ 27 ಅಂದ. ಕನ್ನಡಿಯಲ್ಲಿ ನೋಡ್ಕೊಂಡು ನಕ್ಷತ್ರದ ಗೆರೆ ಎಳೆಯೋ ಕೆಲಸ ಕೊಟ್ರೆ ಮೂರು ದಿನದಲ್ಲಿ ಕೈ ಚೆನ್ನಾಗಿ ಪಳಗಿತು, ಆದ್ರೆ ಪ್ರತಿ ಸಲ ಇದನ್ನ ಈಗಲೇ ಮೊದಲ ಸಲ ನೋಡ್ತಿರೋದು ಅನ್ನೋ ಹಾಗೆ ಕೂರ್ತಿದ್ದ. ಕೈ ಕಲಿತಿದ್ದು ಮನುಷ್ಯನಿಗೆ ಗೊತ್ತಿಲ್ಲ. ಹೀಗೇ 55 ವರ್ಷ ಬದುಕಿ 2008ರಲ್ಲಿ ತೀರ್ಕೊಂಡ, ಅಲ್ಲಿ ತನಕ ಜಗತ್ತಿಗೆ ಗೊತ್ತಿದ್ದಿದ್ದು ಎಚ್.ಎಂ. ಅನ್ನೋ ಎರಡಕ್ಷರ ಅಷ್ಟೇ. ನೆನಪಿನ ಬಗ್ಗೆ ನಾನು ಓದಿದ್ದರಲ್ಲಿ ಅರ್ಧ ಆತನಿಂದ ಬಂದಿದ್ದು, ಪಾಠ ಮಾಡುವಾಗೆಲ್ಲ ಆ ನಕ್ಷತ್ರದ ಚಿತ್ರ ಬೋರ್ಡ್ ಮೇಲೆ ಬರೀತೀನಿ, ಪ್ರತಿ ಸಲ ಗಂಟಲು ಕಟ್ಟುತ್ತೆ. ಸ್ಕೋವಿಲ್ ಕೆಟ್ಟವನಲ್ಲ, ಆ ಜಾಗದ ಕೆಲಸ ಏನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಎರಡನೇದು ಬೇರೆ ಥರ. ಕೆನಡಾದ ಮಾಂಟ್ರಿಯಲ್, ಅಲನ್ ಮೆಮೋರಿಯಲ್ ಇನ್‌ಸ್ಟಿಟ್ಯೂಟ್, ಡಾಕ್ಟರ್ ಇವೆನ್ ಕ್ಯಾಮರಾನ್. ಖಿನ್ನತೆ, ಆತಂಕ ಅಂತ ಬಂದವರಿಗೆ ವಾರಗಟ್ಟಲೆ ನಿದ್ದೆ ಔಷಧಿ, ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಶಾಕ್, ಒಂದೇ ವಾಕ್ಯ ಲಕ್ಷಗಟ್ಟಲೆ ಸಲ ಕೇಳಿಸೋ ಟೇಪು. ಹಳೇ ಮನಸ್ಸನ್ನ ಒರೆಸಿ ಹೊಸದು ಬರೀತೀನಿ ಅನ್ನೋದು ಆತನ ಲೆಕ್ಕ. 1957ರಿಂದ ಇದಕ್ಕೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ದುಡ್ಡು ಗುಟ್ಟಾಗಿ ಬರ್ತಿತ್ತು. ಜನ ಮಕ್ಕಳ ಹೆಸರು ಮರೆತು ಮನೆಗೆ ಹೋದ್ರು. ತಮ್ಮ ಮೇಲೆ ಪ್ರಯೋಗ ನಡೀತಿದೆ ಅಂತ ಅವರಿಗ್ಯಾರೂ ಹೇಳಲಿಲ್ಲ. ಈ ಮನುಷ್ಯ ಬೀದಿ ವೈದ್ಯ ಅಲ್ಲ, ಅಮೆರಿಕದ ಸೈಕಿಯಾಟ್ರಿಸ್ಟ್‌ಗಳ ಸಂಘಕ್ಕೆ ಅಧ್ಯಕ್ಷ ಆಗಿದ್ದವನು, 1945ರಲ್ಲಿ ನ್ಯೂರೆಂಬರ್ಗ್‌ನಲ್ಲಿ ‘ನಂಗೇನೂ ನೆನಪಿಲ್ಲ’ ಅಂತಿದ್ದ ನಾಜಿ ನಾಯಕ ರುಡಾಲ್ಫ್ ಹೆಸ್‌ನ ಪರೀಕ್ಷೆ ಮಾಡಿದ ತಂಡದಲ್ಲೂ ಇದ್ದ. 1992ರಲ್ಲಿ ಕೆನಡಾ ಸರ್ಕಾರ 77 ಜನರಿಗೆ ತಲಾ ಒಂದು ಲಕ್ಷ ಡಾಲರ್ ಪರಿಹಾರ ಕೊಡ್ತು.

ಆದ್ರಿಂದ ನಿಮ್ಮ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಇವತ್ತು ಆ ದೊಡ್ಡ ಆಸ್ಪತ್ರೆಯವ್ರು ನಿಮ್ಮ ಕೈಗೆ ಕೊಟ್ಟ ಇಪ್ಪತ್ತು ಚಿಲ್ಲರೆ ಪುಟದ ಒಪ್ಪಿಗೆ ಕಾಗದ ಇದ್ಯಲ್ಲ, ನೋಡಿ ಹೆದರಿ ವಾಪಸ್ ಕೊಟ್ಟಿರ್ತೀರಿ, ಅದು ಇಂಥ ಕಥೆಗಳಿಂದಾನೇ ಹುಟ್ಟಿದ್ದು. ನಮ್ಮಲ್ಲೂ ಟ್ರಯಲ್ ಹೆಸರಲ್ಲಿ ಅನ್ಯಾಯ ಆಗಿದೆ, 2013ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ ಬಿಗಿ ಆಯ್ತು, 2019ರಲ್ಲಿ ಹೊಸ ನಿಯಮನೇ ಬಂತು. ಆ ಕಾಗದ ನಿಮಗೆ ಅರ್ಥ ಆಗೋ ಭಾಷೆಯಲ್ಲಿ ಇರ್ಬೇಕು, ಕನ್ನಡದಲ್ಲಿ ಕೇಳಿ, ಕೊಡ್ಲೇಬೇಕು. ಯಾವಾಗ ಬೇಕಾದ್ರೂ ಬಿಟ್ಟು ಬರಬಹುದು, ಬಿಟ್ರೆ ಮಾಮೂಲಿ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ ಅಂತ ಬರೆದಿರ್ಬೇಕು. ಔಷಧಿಯಿಂದ ತೊಂದರೆ ಆದ್ರೆ ಚಿಕಿತ್ಸೆ ಯಾರ ಖರ್ಚು, ಪರಿಹಾರ ಯಾರು ಕೊಡ್ತಾರೆ, ಟ್ರಯಲ್ ನ್ಯಾಯವಾಗಿ ನಡೀತಿದ್ಯಾ ಅಂತ ನೋಡೋ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಯಾವ್ದು, ಎಲ್ಲಾ ಇರ್ಬೇಕು. ಮುಖ್ಯವಾಗಿ ಸಿಟಿಆರ್‌ಐ ನಂಬರ್ ಕೇಳಿ. ಅದು ದೇಶದ ಟ್ರಯಲ್‌ಗಳ ನೋಂದಣಿ ಪುಸ್ತಕ, 2009ರಿಂದ ಕಡ್ಡಾಯ, ಆ ನಂಬರ್ ಹಾಕಿ ಹುಡುಕಿದ್ರೆ ಯಾವ ಔಷಧಿ, ಯಾವ ಆಸ್ಪತ್ರೆ, ಯಾರು ದುಡ್ಡು ಹಾಕ್ತಿದ್ದಾರೆ ಎಲ್ಲಾ ಮೊಬೈಲಲ್ಲೇ ಸಿಗುತ್ತೆ. ಈಗ ನಾಲ್ಕು ಲಕ್ಷದವರ ಹತ್ರ ಇದೇ ನಂಬರ್ ಕೇಳಿ ನೋಡಿ.

ಟ್ರಯಲ್‌ನಲ್ಲಿ ಪ್ರಯೋಗದ ಔಷಧಿಗೆ ಪೇಷಂಟ್ ಹತ್ರ ದುಡ್ಡು ತಗೊಳ್ಳೋ ಹಾಗಿಲ್ಲ, ಇದು ಐಸಿಎಂಆರ್, ಅಂದ್ರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಹೇಳಿರೋದು. ಸ್ಟೆಮ್ ಸೆಲ್ (ಬೇರೆ ಬೇರೆ ಥರದ ಜೀವಕೋಶ ಆಗಿ ಬೆಳೆಯಬಲ್ಲ ಮೂಲಕೋಶ) ಬಗ್ಗೆ ಅಂತೂ 2017ರ ಐಸಿಎಂಆರ್ ಮಾರ್ಗಸೂಚಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ, ಚಿಕಿತ್ಸೆ ಅಂತ ಒಪ್ಪಿರೋದು ರಕ್ತಕ್ಕೆ ಸಂಬಂಧಪಟ್ಟ ಕೆಲವು ಕಾಯಿಲೆಗೆ ಮಾಡೋ ಬೋನ್ ಮ್ಯಾರೋ ಥರದ ಕಸಿ ಮಾತ್ರ, ಮಿಕ್ಕಿದ್ದೆಲ್ಲ ಸಂಶೋಧನೆ. ಅಂದ್ಮೇಲೆ ಅಲ್ಜೈಮರ್‌ಗೆ ಸ್ಟೆಮ್ ಸೆಲ್ ಕೊಟ್ಟು ಬಿಲ್ ಹಾಕೋನು ಚಿಕಿತ್ಸೆನೂ ಮಾಡ್ತಿಲ್ಲ, ಸಂಶೋಧನೆನೂ ಮಾಡ್ತಿಲ್ಲ, ನಿಮ್ಮ ದುಡ್ಡು ಹೊಡೀತಿದ್ದಾನೆ.

ನಂಗೆ ಇಷ್ಟು ಸಿಟ್ಟು ಯಾಕೆ ಅಂದ್ರೆ, ಎರಡು ವರ್ಷದ ಹಿಂದೆ ಒಬ್ಬ ಹೆಣ್ಮಗಳು ತಾಯಿನ ಕರ್ಕೊಂಡು ಬಂದ್ಲು. ಕೈಯಲ್ಲಿ ಇಂಥದ್ದೇ ಒಂದು ಕ್ಲಿನಿಕ್‌ನ ಹೊಳಪು ಫೈಲು, ಒಳಗೆ ಮೂರು ರಸೀದಿ, ಕಿವೀಲಿ ಓಲೆ ಇದ್ದ ಜಾಗದಲ್ಲಿ ಬೇವಿನ ಕಡ್ಡಿ. ಆರು ಇಂಜೆಕ್ಷನ್ ಆಗಿತ್ತು, ತಾಯಿ ಇನ್ನೂ ಮಂಕಾಗಿದ್ರು, ಎಡಗಾಲು ಎಳೀತಿತ್ತು. ಬಿದ್ದಿದ್ರಾ ಅಂತ ಕೇಳಿದೆ. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿದ್ರಂತೆ, ಅಂಥಾದ್ದೇನೂ ಆಗಿರಲಿಲ್ವಂತೆ. ಹೃದಯಕ್ಕೆ ಅಂತ ರಕ್ತ ತೆಳು ಮಾಡೋ ಮಾತ್ರೆ ತಿನ್ತಿದ್ರು. ಸಿಟಿ ಸ್ಕ್ಯಾನ್ ಮಾಡಿದ್ರೆ ತಲೆಬುರುಡೆ ಒಳಗೆ ಬಲಗಡೆ ಹಳೇ ರಕ್ತ ತುಂಬಿ ಮೆದುಳನ್ನ ಪಕ್ಕಕ್ಕೆ ತಳ್ಳಿತ್ತು. ನ್ಯೂರೋಸರ್ಜನ್ ಎರಡು ತೂತು ಮಾಡಿ ತೆಗೆದ್ರು. ನಾಲ್ಕನೇ ದಿನ ವಾರ್ಡಿಗೆ ಹೋದ್ರೆ ಆ ತಾಯಿ ಮಗಳನ್ನ ನೋಡಿ ‘ನಿನ್ನ ಓಲೆ ಎಲ್ಲೇ?’ ಅಂತ ಕೇಳ್ತಿದ್ರು. ಆ ಫೈಲಲ್ಲಿ ಒಂದೇ ಒಂದು ಸ್ಕ್ಯಾನ್ ಇರಲಿಲ್ಲ.

ಅದಕ್ಕೇ ನಿಮ್ಮಪ್ಪಂಗೆ ಮೊದಲು ಆಗ್ಬೇಕಾಗಿರೋದು ಮೆದುಳಿನ ಸ್ಕ್ಯಾನ್, ಬಿ12, ಥೈರಾಯ್ಡ್, ಸೋಡಿಯಂ, ಶುಗರ್, ಜೊತೆಗೆ ಮನಸ್ಸು ಕುಗ್ಗಿದ್ಯಾ ಅಂತ ಒಂದು ಗಂಟೆ ಕೂತು ಮಾತಾಡೋದು. ಸರಿ ಮಾಡಬಹುದಾದ್ದು ಏನೂ ಸಿಗಲಿಲ್ಲ, ಅಲ್ಜೈಮರೇ ಅಂತ ಆಯ್ತು ಅಂದ್ರೆ ಆಗ ಟ್ರಯಲ್ ಬಗ್ಗೆ ಯೋಚನೆ ಮಾಡಿ.

ಅಲ್ಲೂ ಆಸೆ ಅಳತೆಯಲ್ಲಿರಲಿ. ಹೊಸ ಔಷಧಿಗಳಲ್ಲಿ ಹೆಸರು ಮಾಡಿರೋ ಲೆಕಾನೆಮ್ಯಾಬ್ ನೋಡಿ, 1,795 ಜನರ ಮೇಲೆ 18 ತಿಂಗಳು ಪರೀಕ್ಷೆ ಆಗಿ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಕಾಯಿಲೆ ಇಳಿಯೋ ವೇಗ 27 ಪರ್ಸೆಂಟ್ ಕಮ್ಮಿ ಆಯ್ತು ಅಂತ ಹೆಡ್‌ಲೈನ್ ಬಂತು, 18 ಅಂಕದ ಅಳತೆಯಲ್ಲಿ ಆ ವ್ಯತ್ಯಾಸ 0.45. ಹೋದ ನೆನಪು ವಾಪಸ್ ಬರಲಿಲ್ಲ, ಹೋಗೋದು ಸ್ವಲ್ಪ ನಿಧಾನ ಆಯ್ತು, ಅದೂ ಶುರುವಿನ ಹಂತದಲ್ಲಿ ಇರೋರಿಗೆ. ಸುಮಾರು ಎಂಟರಲ್ಲಿ ಒಬ್ರಿಗೆ ಸ್ಕ್ಯಾನ್‌ನಲ್ಲಿ ಮೆದುಳು ಊದಿದ್ದು ಕಾಣ್ತು, ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ, ಕೆಲವರಿಗೆ ಗಂಭೀರ ಆಯ್ತು. ಪ್ರಪಂಚದ ದೊಡ್ಡ ಕಂಪನಿಗಳು ವರ್ಷಗಟ್ಟಲೆ ಗುದ್ದಾಡಿ ಇಷ್ಟು ಸಾಧಿಸಿರುವಾಗ ಮೂರು ತಿಂಗಳಲ್ಲಿ ನೆನಪು ವಾಪಸ್ ತರ್ತೀನಿ ಅನ್ನೋನ ಮಾತು ಹೇಗೆ ನಂಬ್ತೀರಿ?

ಟ್ರಯಲ್‌ಗೆ ಸೇರಿದ್ರೂ ನಿಮ್ಮಪ್ಪಂಗೆ ಔಷಧಿನೇ ಸಿಗುತ್ತೆ ಅಂತಿಲ್ಲ, ಔಷಧಿ ಇಲ್ಲದ ಖಾಲಿ ಇಂಜೆಕ್ಷನ್ ಕೊಡೋ ಗುಂಪಿಗೂ ಬೀಳಬಹುದು, ಯಾವ್ದು ಅಂತ ನಿಮಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ. ಪದೇಪದೇ ಓಡಾಟ, ಎಂಆರ್‌ಐ, ಕೆಲವು ಸಲ ಬೆನ್ನಿಂದ ನೀರು ತೆಗೆಯೋದು ಇರುತ್ತೆ. ನಾನು ಈ ವಿಷಯದಲ್ಲಿ ಸ್ವಲ್ಪ ಹಿಂಜರಿಯೋ ಪೈಕಿ, ರಕ್ತ ತೆಳು ಮಾಡೋ ಮಾತ್ರೆ ತಿನ್ನೋರನ್ನ, ಜೊತೆಗೆ ಬರೋಕೆ ಮನೇಲಿ ಒಬ್ರೂ ಇಲ್ದೋರನ್ನ ಇಂಥ ಔಷಧಿಗೆ ಕಳಿಸಲ್ಲ. ಆದ್ರೆ ಶುರುವಿನ ಹಂತ, ಮೈ ಗಟ್ಟಿ ಇದೆ, ಅವರಿಗೂ ಇಷ್ಟ ಇದೆ ಅಂದ್ರೆ ಹೋಗಿ ಕಾಗದ ತಂದು ಮನೇಲಿ ಕೂತು ಓದಿ. ಅವರಿಗೂ ಓದಿ ಹೇಳಿ, ಮರೆವು ಇದೆ ಅಂತ ಪಕ್ಕಕ್ಕೆ ಕೂರಿಸ್ಬೇಡಿ, ಬೇಕು ಬೇಡ ಹೇಳೋ ಶಕ್ತಿ ಆ ಹಂತದಲ್ಲಿ ತುಂಬಾ ಜನಕ್ಕೆ ಇರುತ್ತೆ. ನಾಳೆನೇ ಸೈನ್ ಹಾಕಿ ಅಂತ ಯಾರಾದ್ರೂ ಅವಸರ ಮಾಡಿದ್ರೆ ಎದ್ದು ಬನ್ನಿ, ಎಷ್ಟೇ ದೊಡ್ಡ ಆಸ್ಪತ್ರೆ ಆಗಿರ್ಲಿ.

ಪ್ರಶ್ನೆ: ಬೇಡದ ನೆನಪು ಅಳಿಸೋ ಮಾತ್ರೆ ಇದ್ಯಾ? ಬ್ರೇಕಪ್ ಆಗಿದೆ.

ಇಲ್ಲ. ಎಂಡೋಸ್ಕೋಪಿಗೆ ಮುಂಚೆ ಕೊಡೋ ಮಿಡಾಜೋಲಮ್ ಅನ್ನೋ ಮಂಪರು ಔಷಧಿ, ಕೊಟ್ಟ ಮೇಲಿನ ಸ್ವಲ್ಪ ಹೊತ್ತು ನೆನಪಲ್ಲಿ ಉಳಿಯದ ಹಾಗೆ ಮಾಡುತ್ತೆ, ಹಿಂದಿನದನ್ನ ಮುಟ್ಟಲ್ಲ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ಇಂಜೆಕ್ಷನ್ ಕೊಟ್ಟು ಮರೆತುಹೋದ ಸತ್ಯ ಬಾಯಿ ಬಿಡಿಸ್ತಾರಲ್ಲ, ನಾರ್ಕೋ, ಅದು ನೆನಪು ತರೋಕೆ ಆಗಲ್ವಾ?

ಆ ಔಷಧಿ ಮಂಪರು ಬರಿಸುತ್ತೆ, ಮಂಪರಲ್ಲಿ ಮನುಷ್ಯ ನಿಜನೂ ಹೇಳ್ತಾನೆ, ಕಲ್ಪನೆನೂ ಹೇಳ್ತಾನೆ. ಒಪ್ಪಿಗೆ ಇಲ್ದೆ ಮಾಡೋ ಹಾಗಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ, ನಮ್ಮ ರಾಜ್ಯದ್ದೇ ಕೇಸು.

ಪ್ರಶ್ನೆ: ಮಗಂಗೆ ಎಸ್ಸೆಸ್ಸೆಲ್ಸಿ, ಮೆಮೊರಿ ಪೌಡರ್ ಯಾವ್ದು ಒಳ್ಳೇದು?

ಯಾವ್ದೂ ಅಲ್ಲ. ರಾತ್ರಿ ಎಂಟು ಗಂಟೆ ಮಲಗ್ಲಿ.

ಪ್ರಶ್ನೆ: ಅಮ್ಮಂಗೆ ಮರೆವು, ನಿಮ್ಮ ಹತ್ರ ಬರ್ಬೇಕಾದ್ರೆ ಏನೇನು ತರ್ಬೇಕು?

ನನ್ನ ಹತ್ರನೇ ಬರ್ಬೇಕು ಅಂತಿಲ್ಲ, ಹತ್ರದ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿಗೆ ತೋರಿಸಿ, ಎಲ್ಲಿಗೆ ಹೋದ್ರೂ ಅಮ್ಮ ತಿನ್ನೋ ಮಾತ್ರೆ ಅಷ್ಟನ್ನೂ ಒಂದು ಕವರ್‌ಗೆ ಹಾಕ್ಕೊಂಡು ಹೋಗಿ, ಚೀಟಿ ಇಲ್ದೆ ಮೆಡಿಕಲ್ ಶಾಪಲ್ಲಿ ಕೇಳಿ ತಗೊಂಡಿದ್ದೂ ಸೇರಿಸಿ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ, ಮೂತ್ರ ತಡೆಯೋ ಮಾತ್ರೆ, ಇವೇ ಎಷ್ಟೋ ಸಲ ವಯಸ್ಸಾದವರ ತಲೆ ಮಂಕು ಮಾಡಿರ್ತವೆ. ಇನ್ನೊಂದು, ದಿನಾ ಜೊತೇಲಿ ಇರೋರು ಬನ್ನಿ. ಭಾನುವಾರ ವಿಡಿಯೋ ಕಾಲ್‌ನಲ್ಲಿ ನೋಡೋ ಮಗ ಬಂದು ‘ಅಮ್ಮ ಚೆನ್ನಾಗೇ ಇದ್ದಾರೆ’ ಅಂತಾನೆ, ಒಲೆ ಮೇಲೆ ಹಾಲು ಇಟ್ಟು ಮರೆತಿದ್ದು ಸೊಸೆಗೆ ಮಾತ್ರ ಗೊತ್ತಿರುತ್ತೆ.