ಫಸ್ಟ್ ಬೇಸ್‌ಗೆ ಫೇಕ್ ಮಾಡಿದ್ರೆ ಮಾತ್ರ ಬಾಕ್ ಯಾಕೆ?

ಬೇಸ್‌ಬಾಲ್‌ನಲ್ಲಿ ಪಿಚರ್ (ಬ್ಯಾಟರ್‌ಗೆ ಬಾಲ್ ಎಸೆಯೋನು) ಸೆಕೆಂಡ್ ಬೇಸ್ ಕಡೆ ಎಸೆಯೋ ಥರ ಮಾಡಿ ಬಾಲ್ ಕೈಯಲ್ಲೇ ಇಟ್ಕೊಂಡಾಗ ಅಂಪೈರ್ ಸುಮ್ನಿದ್ರು, ಫಸ್ಟ್ ಬೇಸ್‌ಗೆ ಅದನ್ನೇ ಮಾಡಿದ್ರೆ ಬಾಕ್ (ಪಿಚರ್ ನಿಯಮ ಮೀರಿದ ಅನ್ನೋ ಫೌಲ್) ಕೊಟ್ರು, ಯಾಕೆ ಅಂತ ಕೇಳಿದೀರಲ್ಲ, ಎರಡೂ ಸಲ ಅವರು ಮಾಡಿದ್ದು ಸರಿನೇ. ಪಿಚರ್ ಕಾಲು ರಬ್ಬರ್ (ಅವನು ನಿಂತು ಎಸೆಯೋ ಪಟ್ಟಿ) ಮೇಲಿದ್ದಾಗ ರನ್ನರ್ ಇರೋ ಸೆಕೆಂಡ್ ಬೇಸ್ ಕಡೆ ಹೆಜ್ಜೆ ಇಟ್ಟು ಎಸೀದೇ ಇರಬಹುದು, ಫಸ್ಟ್‌ಗೆ ಹಾಗಿಲ್ಲ, ಹೆಜ್ಜೆ ಇಟ್ರೆ ಎಸೀಲೇಬೇಕು. ಥರ್ಡ್‌ಗೂ ಮೊದ್ಲು ನಡೀತಿತ್ತು, ಅಮೆರಿಕದ ಮೇಜರ್ ಲೀಗ್‌ನಲ್ಲಿ 2013ರಿಂದ ಅದೂ ಇಲ್ಲ.

ಆದ್ರೆ ಪಿವಟ್ ಕಾಲನ್ನ, ಅಂದ್ರೆ ಬಲಗೈ ಪಿಚರ್‌ಗೆ ಬಲಗಾಲು, ಮೊದ್ಲು ರಬ್ಬರ್‌ನಿಂದ ಹಿಂದಕ್ಕೆ ತೆಗೆದಿಟ್ರೆ ಅವನು ಬರೀ ಫೀಲ್ಡರ್ ಲೆಕ್ಕ, ಆಗ ಫಸ್ಟ್‌ಗೂ ಫೇಕ್ ಮಾಡಬಹುದು. ಅದಕ್ಕೇ ರೀಪ್ಲೇ ನೋಡುವಾಗ ಕೈ ನೋಡ್ಬೇಡಿ, ಆ ಕಾಲನ್ನೇ ನೋಡಿ, ಅರ್ಧ ಗೊಂದಲ ಅಲ್ಲೇ ಹೋಗತ್ತೆ. ಬಾಕ್ ಆದ್ರೆ ಎಲ್ಲಾ ರನ್ನರ್‌ಗಳೂ ಒಂದೊಂದು ಬೇಸ್ ಮುಂದೆ, ಥರ್ಡಲ್ಲಿ ಯಾರಾದ್ರೂ ಇದ್ರೆ ಬ್ಯಾಟಿಂಗ್ ಟೀಮ್‌ಗೆ ಒಂದು ರನ್ನೇ ಸಿಕ್ತು.